ಹಸಿರು ಚುಕ್ಕಿಯ ಮಗು

ಒರೆಸಿದಷ್ಟೂ ಗಾಜಿನ ಮೇಲೆ ಬೆರಳಿನ ಗುರುತು ಉಳಿಯುತ್ತಿತ್ತು. ಸತ್ಯವತಿ ಟ್ಯಾಬ್ಲೆಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಬಿಸಿಯುಸಿರು ಊದಿ, ಸೆರಗಿನ ತುದಿಯಲ್ಲಿ ಮತ್ತೆ ತಿಕ್ಕಿದಳು. ಹನ್ನೊಂದು ಗಂಟೆಗೆ ಕಾಸರಗೋಡಿನಿಂದ ಆಫೀಸರು ಬರುವವರಿದ್ದರು. ಅವರ ಜೊತೆಗೆ ಸೂಪರ್‌ವೈಸರ್ ಶ್ರೀರಂಜಿನಿ, ವಾರ್ಡಿನ ಮೆಂಬರು. ಗಾಜು ಜಿಡ್ಡಾಗಿರಬಾರದು, ಮಕ್ಕಳ ಮೂಗು ಒರೆಸಿರಬೇಕು, ಗೋಡೆಯ ಚಾರ್ಟು ನೇರ ಇರಬೇಕು ಎಂದು ಶ್ರೀರಂಜಿನಿ ನಿನ್ನೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದರು. ಗಾಜು, ಮೂಗು, ಚಾರ್ಟು ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ನೆನಪಾಗಿ ನಿನ್ನೆ ಅವಳಿಗೆ ನಗು ಬಂದಿತ್ತು. ಈಗ ಬರಲಿಲ್ಲ. ಹಸುವಿನ ಚಿತ್ರ ಮೂಡುವ ಮೂಲೆಯಲ್ಲಿ ಒಂದು ಸಣ್ಣ ಗುರುತು, ಮಗುವಿನ ತೋರುಬೆರಳಿನದು, ಮಿಂಚುತ್ತಿತ್ತು. ಅದರ ಮಗ್ಗುಲಲ್ಲೇ ಅರ್ಧಂಬರ್ಧ ಮೂಡಿದ ಇನ್ನೊಂದು, ಅಗಲದ್ದು. ಅದು ಯಾರದೆಂದು ತಿಳಿಯಲು ಅವಳಿಗೆ ಪೊಲೀಸರು ಬೇಕಾಗಿರಲಿಲ್ಲ. ಅಂಗನವಾಡಿ ಟೀಚರಾದ ಇಪ್ಪತ್ತಾರು ವರ್ಷಗಳಲ್ಲಿ ಎಷ್ಟೋ ಜನ ಬಂದು ಅಕ್ಕಿ ತೂಗಿ, ರಿಜಿಸ್ಟರ್ ತಿರುವಿ, ಕಕ್ಕಸಿನ ಬಾಗಿಲು ತೆಗೆದು ಮೂಸಿ ಹೋಗಿದ್ದಾರೆ. ಒಮ್ಮೆಯೂ ಅವಳು ಹೀಗೆ ಹೆದರಿದ್ದಿಲ್ಲ. ಅವಳು ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಮಗುಚಿಟ್ಟು ಕೈ ತೊಳೆಯಲು ಹೋದಳು.

ಅಂಗನವಾಡಿಯೆಂದರೆ ಉಪ್ಪಳದಲ್ಲಿ ಹೆದ್ದಾರಿಗೂ ರೈಲು ಹಳಿಗೂ ನಡುವೆ ಸಿಕ್ಕಿಬಿದ್ದ ಒಂದು ಕೋಣೆ, ಅದರ ಬೆನ್ನಿಗೆ ಅಡುಗೆಮನೆ, ಎದುರಿಗೆ ತಗಡಿನ ಶೀಟು ಹೊದಿಸಿದ ಜಗಲಿ. ಫೆಬ್ರವರಿಯ ಬಿಸಿಲು ಒಂಬತ್ತೂವರೆಗೇ ಶೀಟನ್ನು ಕಾಯಿಸತೊಡಗಿತ್ತು. ಹೆಲ್ಪರ್ ಗಂಗಾ ಒಳಗೆ ಉಪ್ಪಿಟ್ಟು ತಿರುವುತ್ತ, ಇವತ್ತಾದರೂ ನಾಲ್ಕು ಗೇರುಬೀಜ ಹಾಕಬಹುದಿತ್ತು ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಜಗಲಿಯಲ್ಲಿ ಗಲಾಟೆ ಎಬ್ಬಿಸಿದ್ದವು. ಹನ್ನೆರಡನೆಯದು ಕೋಣೆಯ ಮೂಲೆಯಲ್ಲಿ ಕೂತು ಹುಣಸೆಬೀಜಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಅಶ್ಮಿತಾ. ಏಪ್ರಿಲಿಗೆ ಐದು ತುಂಬುತ್ತದೆ. ಪಂಚಾಯತಿನ ಅಷ್ಟೂ ಅಂಗನವಾಡಿಗಳಲ್ಲಿ ಟ್ಯಾಬ್ಲೆಟ್ಟಿನ ಪಾಠದಲ್ಲಿ ಸರಿಯುತ್ತರಕ್ಕೆ ಸಿಗುವ ಹಸಿರು ಚುಕ್ಕಿಯನ್ನು ಅತಿ ಹೆಚ್ಚು ಪಡೆದ ಮಗು ಇದೇ ಎಂದು ಇಲಾಖೆಯ ಪಟ್ಟಿ ಹೇಳುತ್ತಿತ್ತು. ಹಾಗಾಗಿ ಇವತ್ತು ಆಫೀಸರ ಎದುರು ಕೂತು ಪಾಠ ಮಾಡಿ ತೋರಿಸಬೇಕಾದ್ದೂ ಇದೇ. ಮಗುವಿಗೆ ಕಿವಿ ಕೇಳುವುದಿಲ್ಲ. ಇದು ಪಟ್ಟಿಗೆ ಗೊತ್ತಿಲ್ಲ, ಆಫೀಸರಿಗೆ ಗೊತ್ತಿಲ್ಲ, ಹೆತ್ತವಳಿಗೂ ಗೊತ್ತಿಲ್ಲ. ಸತ್ಯವತಿಗೆ ಗೊತ್ತು. ಗೊತ್ತಾಗಿ ಇವತ್ತಿಗೆ ನಲವತ್ತೊಂದು ದಿನ. ಲೆಕ್ಕ ಇಡಬೇಕೆಂದು ಅವಳು ಇಟ್ಟದ್ದಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಆ ದಿನದ ಸಂಖ್ಯೆ ತಾನಾಗಿ ಬಂದು ಎದುರು ನಿಲ್ಲುತ್ತಿತ್ತು.

ಕಳೆದ ಜೂನಿನಲ್ಲಿ ಟ್ಯಾಬ್ಲೆಟ್ಟು ಬರುವ ಮೊದಲು ಕಾಸರಗೋಡಿನಲ್ಲಿ ಎರಡು ದಿನದ ತರಬೇತಿ ಇತ್ತು. ಚಿತ್ರವನ್ನು ಮುಟ್ಟಿದರೆ ಅದು ಕುಣಿಯಬೇಕು. ಅರುವತ್ತು ಟೀಚರುಗಳ ಎದುರು ಸತ್ಯವತಿ ಮುಟ್ಟಿದಾಗ ಕುಣಿಯಲಿಲ್ಲ. ಒಲೆ, ಸೀಮೆಸುಣ್ಣ, ಫಿನಾಯಿಲಿನಲ್ಲಿ ಒಣಗಿದ ಬೆರಳು ಗಾಜಿಗೆ ಗುರುತೇ ಸಿಗಲಿಲ್ಲವೋ ಏನೋ. ಕಲಿಸಲು ಬಂದವನು ಹಾಗಲ್ಲಮ್ಮ ಎಂದು ನಗುತ್ತ ಅವಳ ತೋರುಬೆರಳನ್ನು ತನ್ನ ಎರಡು ಬೆರಳಲ್ಲಿ ಹಿಡಿದು ಪರದೆಗೆ ಒತ್ತಿದ. ಪರದೆ ಹಸಿರಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು. ಬಸ್ಸಿನಲ್ಲಿ ಬರುವಾಗ ಕುಂಬಳೆ ದಾಟುವವರೆಗೂ ಆ ಬೆರಳನ್ನು ಮಡಿಚಿ ಇಟ್ಟುಕೊಂಡಿದ್ದಳು. ಟ್ಯಾಬ್ಲೆಟ್ಟಿನೊಳಗಿನ ಹೆಂಗಸಿನದು ಸಕ್ಕರೆ ಹಾಕಿದಂಥ ಸ್ವರ. ಪುಟಾಣಿ, ಹಸು ಎಲ್ಲಿದೆ, ಮುಟ್ಟಿ ತೋರಿಸು ಎನ್ನುತ್ತಿತ್ತು. ತುಳು ಮನೆಯ ಮಕ್ಕಳಿಗೆ ಅದು ಪೆತ್ತ, ಮಲಯಾಳದವರಿಗೆ ಪಶು, ಕನ್ನಡದ ಮನೆಯಿಂದ ಬಂದ ಇಬ್ಬರಿಗೂ ದನ. ಹಸು ಎನ್ನುವುದು ಈ ಕಡೆ ಪುಸ್ತಕದಲ್ಲಿ ಮಾತ್ರ ಮೇಯುವ ಪ್ರಾಣಿ. ಮನೆಯ ಹಟ್ಟಿಯಲ್ಲಿ ಎರಡು ದನ ಇರುವ ಹುಡುಗಿಗೇ ಮೊದಲ ದಿನ ಕೆಂಪು ಚುಕ್ಕಿ ಬಿತ್ತು. ಸಂಜೆ ಐದಕ್ಕೆ ವಾಟ್ಸಾಪ್ ಗುಂಪಿನಲ್ಲಿ ಕೆಂಪು ಹೆಚ್ಚಿರುವ ಅಂಗನವಾಡಿಗಳ ಹೆಸರು, ಪ್ರತಿ ಹೆಸರಿನ ಮುಂದೆ ಮೂರು ಪ್ರಶ್ನಾರ್ಥಕ ಚಿಹ್ನೆ. ಒಂದು ಸಾಲದೆಂದು ಮೂರು. ಅವಳ ಅಂಗನವಾಡಿಯ ಹೆಸರು ಸತತ ನಾಲ್ಕು ದಿನ ಮೊದಲನೆಯ ಸಾಲಿನಲ್ಲಿತ್ತು.

ಐದನೆಯ ದಿನ ಅವಳು ಮಕ್ಕಳ ಬೆರಳು ಹಿಡಿದಳು. ಬೆರಳು ಹಿಡಿಯುವುದು ಅವಳಿಗೆ ಹೊಸತಲ್ಲ. ಪ್ರತಿ ವಿಜಯದಶಮಿಗೆ ತಾಯಂದಿರು ಮೂರು ವರ್ಷದ ಮಕ್ಕಳಿಗೆ ಮೀಯಿಸಿ ಬೊಟ್ಟಿಟ್ಟು ಕರೆದುಕೊಂಡು ಬರುತ್ತಾರೆ. ಹರಿವಾಣದಲ್ಲಿ ಬೆಳ್ತಿಗೆ ಅಕ್ಕಿ ಹರಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿ, ಅದರ ತೋರುಬೆರಳನ್ನು ತನ್ನ ಬೆರಳುಗಳ ನಡುವೆ ಸೇರಿಸಿ ಅವಳು ಶ್ರೀ ಬರೆಸುತ್ತಾಳೆ, ಆಮೇಲೆ ಅ, ಆ. ಬರೆದದ್ದು ಟೀಚರು ಎಂದು ಯಾವ ತಾಯಿಯೂ ಹೇಳುವುದಿಲ್ಲ. ಮಗು ಬರೆಯಿತು ಎಂದೇ ಎಲ್ಲರಿಗೂ ಸಿಹಿ ಹಂಚುತ್ತಾರೆ. ಅವಳ ಬೆರಳನ್ನೂ ಅಪ್ಪ ತಿರುಮಲೇಶ್ವರ ಭಟ್ಟರು ಹಾಗೆಯೇ ಹಿಡಿದಿದ್ದರು. ಅಕ್ಕಿಯೊಳಗೆ ಉಗುರು ಹರಿವಾಣಕ್ಕೆ ತಾಗಿ ಕಿರ್ರೆಂದದ್ದು, ಕಿವಿಯ ಹತ್ತಿರ ಅವರ ವೀಳ್ಯದ ಉಸಿರು, ಇಷ್ಟೇ ನೆನಪು. ಗಾಜಿನ ಮೇಲೆ ಬೆರಳು ಹಿಡಿಯುವಾಗ ಅವಳಿಗೆ ತಪ್ಪೆಂದು ಅನ್ನಿಸಲೇ ಇಲ್ಲ, ಒಳ್ಳೆಯದೇ ಮಾಡುತ್ತಿದ್ದೇನೆ ಅನ್ನಿಸಿತು. ಅಕ್ಕಿ ಯಾರಿಗೂ ವರದಿ ಕಳಿಸುವುದಿಲ್ಲ, ಗಾಜು ಕಳಿಸುತ್ತದೆ ಎನ್ನುವ ಒಂದು ವ್ಯತ್ಯಾಸ ಮಾತ್ರ ಅವಳ ತಲೆಗೆ ಹೋಗಲಿಲ್ಲ. ಉಳಿದ ಮಕ್ಕಳು ಎರಡೇ ವಾರದಲ್ಲಿ ಬೆರಳು ಕಿತ್ತುಕೊಂಡು ನಾನೇ, ನಾನೇ ಎಂದು ಜಗಳಾಡತೊಡಗಿದವು. ಅಶ್ಮಿತಾ ಕಿತ್ತುಕೊಳ್ಳಲಿಲ್ಲ. ಪರದೆ ಬೆಳಗಿದ ಕೂಡಲೆ ತಾನೇ ಬೆರಳನ್ನು ಎತ್ತಿ ಟೀಚರಿನ ಕಡೆ ಚಾಚುತ್ತಿತ್ತು. ಎಷ್ಟು ವಿಧೇಯ ಮಗು ಎಂದು ಸತ್ಯವತಿ ಗಂಗಾಳ ಹತ್ತಿರ ಹೊಗಳಿದ್ದೂ ಉಂಟು.

ಮಗು ಮಾತಾಡುವುದಿಲ್ಲವೆಂದರೆ ಈ ಊರಿನಲ್ಲಿ ಯಾರೂ ಕಂಗಾಲಾಗುವುದಿಲ್ಲ. ಮನೆಯಲ್ಲಿ ತುಳು, ಬೇಲಿಯಾಚೆ ಬ್ಯಾರಿ, ಅಂಗಡಿಯಲ್ಲಿ ಮಲಯಾಳ, ಅಂಗನವಾಡಿಯಲ್ಲಿ ಕನ್ನಡ. ಯಾವುದನ್ನು ಹಿಡಿಯಲಿ ಎಂದು ಮಗು ಕಾದು ಕೂತಿದೆ, ಒಂದು ದಿನ ಎಲ್ಲವೂ ಒಟ್ಟಿಗೆ ಉದುರುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಾರೆ, ಬಹಳ ಸಲ ಹಾಗೆ ಆಗುತ್ತದೆ ಕೂಡ. ಕರೆದರೆ ತಿರುಗುವುದಿಲ್ಲ ಟೀಚರ್ ಎಂದು ಅಶ್ಮಿತಾಳ ತಾಯಿ ದಮಯಂತಿ ಸೆಪ್ಟೆಂಬರಿನಲ್ಲೇ ಬಂದು ಹೇಳಿದ್ದಳು. ಸತ್ಯವತಿ ಅವಳಿಗೆ ತನ್ನ ಅಕ್ಕನ ಮಗ ಮಹೇಶ್ವರನ ಕಥೆ ಹೇಳಿ ಧೈರ್ಯ ತುಂಬಿದಳು. ನಾಲ್ಕು ವರ್ಷದವರೆಗೆ ತುಟಿ ಬಿಚ್ಚದವನು ಈಗ ಮುಚ್ಚುವುದೇ ಇಲ್ಲ. ಅದೂ ಅಲ್ಲದೆ ರೈಲು ಬರುವಾಗ ಎಲ್ಲರಿಗಿಂತ ಮೊದಲು ಮುಖ ಎತ್ತುವುದು ಅಶ್ಮಿತಾ. ಇಷ್ಟು ಚುರುಕು ಕಿವಿ ಉಂಟು ನಿಮ್ಮ ಮಗಳಿಗೆ ಎಂದು ಹೇಳಿ ಕಳಿಸಿದ್ದಳು. ನೆಲ ನಡುಗುವುದನ್ನು ಮಗು ಕಾಲಿನಿಂದ ತಿಳಿಯುತ್ತಿತ್ತು ಎಂದು ಹೊಳೆಯಲು ಜನವರಿ ಬರಬೇಕಾಯಿತು. ಮತ್ತೆ ಪ್ರತಿ ಶುಕ್ರವಾರ ಟ್ಯಾಬ್ಲೆಟ್ಟಿನಿಂದ ಶಾರ್ಜಾದಲ್ಲಿರುವ ತಂದೆ ಪುರಂದರನ ಫೋನಿಗೆ ತಾನಾಗಿ ಹೋಗುವ ಸಂದೇಶ: ಅಶ್ಮಿತಾ ಈ ವಾರ ಹದಿನಾರು ಶಬ್ದ ಕಲಿತಳು, ಅಶ್ಮಿತಾ ಈ ವಾರ ಇಪ್ಪತ್ತು ಶಬ್ದ ಕಲಿತಳು, ಕೆಳಗೆ ಹಸಿರು ಚುಕ್ಕಿಗಳ ಮಾಲೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗು. ಆ ಸಂದೇಶವನ್ನು ಅವನು ತನ್ನ ಕೋಣೆಯ ಏಳು ಜನರಿಗೂ ತೋರಿಸುತ್ತಿದ್ದನಂತೆ.

ಜನವರಿಯ ಮೊದಲ ವಾರ ಮಕ್ಕಳೆಲ್ಲ ಜಗಲಿಯಲ್ಲಿ ಕೂತು ಕಾಗದಕ್ಕೆ ಎಲೆ ಅಂಟಿಸುತ್ತಿದ್ದಾಗ ಮೇಲಿನ ತೆಂಗಿನ ಮರದಿಂದ ಒಣಗಿದ ಕಾಯಿಯೊಂದು ಶೀಟಿನ ಮೇಲೆ ಬಿತ್ತು. ತಲೆಯ ಮೇಲೆಯೇ ಗುಂಡು ಹಾರಿದಂಥ ಶಬ್ದ. ಗಂಗಾ ಕೈಯಲ್ಲಿದ್ದ ಚೆಂಬು ಬಿಟ್ಟಳು, ಹನ್ನೊಂದು ಮಕ್ಕಳು ಒಟ್ಟಿಗೆ ಕಿರುಚಿದವು, ಇಬ್ಬರು ಚಡ್ಡಿಯಲ್ಲೇ ಹೊಯ್ದುಕೊಂಡರು. ಅಶ್ಮಿತಾ ಎಲೆಯ ಬೆನ್ನಿಗೆ ಅಂಟು ಸವರಿ, ಕಾಗದದ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿದಿತ್ತು. ಆಮೇಲೆ ತಲೆ ಎತ್ತಿ ಅಳುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿ, ಇದು ಯಾವ ಹೊಸ ಆಟ ಎನ್ನುವಂತೆ ತಾನೂ ಬಾಯಿ ಅಗಲಿಸಿತು. ಶಬ್ದ ಇಲ್ಲದ ಆ ಬಾಯಿಯನ್ನು ಸತ್ಯವತಿ ನೋಡುತ್ತ ನಿಂತಳು. ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿಗೆ ಅವಳು ಅಶ್ಮಿತಾಳ ಬೆನ್ನ ಹಿಂದೆ ನಿಂತು ಸ್ಟೀಲು ತಟ್ಟೆಗೆ ಸೌಟಿನಿಂದ ಬಡಿದಳು. ಒಮ್ಮೆ, ಎರಡು ಸಲ, ಐದು ಸಲ. ಗಂಗಾ ಅಡುಗೆಮನೆಯಿಂದ ಇಣುಕಿ, ಎಂತ ಟೀಚರ್, ಮಲಗಿದವರನ್ನೆಲ್ಲ ಎಬ್ಬಿಸ್ತೀರಿ ಎಂದಳು. ಬೆಕ್ಕು ಓಡಿಸಿದ್ದು ಎಂದು ಸತ್ಯವತಿ ಹೇಳಿದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಹೆದರಿಕೆಯಾಯಿತು.

ಅವತ್ತೇ ಸಂಜೆ ದಮಯಂತಿಗೆ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೇಳುವುದೆಂದರೆ ಹಸಿರು ಚುಕ್ಕಿಗಳ ಕಥೆಯನ್ನೂ ಹೇಳಬೇಕು. ಕೇಳದ ಮಗು ಏಳು ತಿಂಗಳು ಎಲ್ಲ ಪ್ರಶ್ನೆಗೆ ಹೇಗೆ ಸರಿಯುತ್ತರ ಕೊಟ್ಟಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆರೋಗ್ಯ ಕೇಂದ್ರದ ನರ್ಸು ಒಮ್ಮೆ ತಾಯಂದಿರ ಮೀಟಿಂಗಿನಲ್ಲಿ ಹೇಳಿದ್ದಳು, ಕಿವಿಯ ತೊಂದರೆ ಇದ್ದರೆ ಆದಷ್ಟು ಬೇಗ ತೋರಿಸಬೇಕು, ಮಾತು ಮೂಡುವ ಪ್ರಾಯ ದಾಟಿದ ಮೇಲೆ ಯಂತ್ರ ಇಟ್ಟು ಕೇಳಿಸಿದರೂ ಮಾತು ಬರುವುದು ಕಷ್ಟ ಎಂದು. ಆ ಮೀಟಿಂಗಿನಲ್ಲಿ ಚಹಾ ಹಂಚಿದ್ದು ಸತ್ಯವತಿಯೇ. ವಾರ ಕಳೆದ ಮೇಲೆ ಅವಳು ಶ್ರೀರಂಜಿನಿಗೆ ಫೋನು ಮಾಡಿ, ಆ ಮಗುವಿನ ಮೇಲೆ ನನಗೆ ಸ್ವಲ್ಪ ಸಂಶಯ ಉಂಟು ಮೇಡಂ ಎಂದಳು. ಆ ಕಡೆಯಿಂದ ಪಟ್ಟಿ ತಿರುವಿದ ಸದ್ದು, ಆಮೇಲೆ ನಗು. ಕೇಳದ ಮಗು ನೂರಕ್ಕೆ ತೊಂಬತ್ತೆಂಟು ತೆಗೀತದಾ ಟೀಚರೇ, ನಿಮ್ಮದೊಂದು. ಸತ್ಯವತಿಯೂ ನಕ್ಕಳು. ಫೋನಿಟ್ಟ ಮೇಲೆ ಆ ನಗುವನ್ನು ನೆನೆದು ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಆ ತಿಂಗಳು ನಡೆದ ಕಣ್ಣು ಕಿವಿಯ ತಪಾಸಣೆಯ ಕ್ಯಾಂಪಿಗೆ ಕೆಂಪು ಚುಕ್ಕಿಯ ಮಕ್ಕಳನ್ನು ಮಾತ್ರ ಕರೆದರು. ಆಫೀಸರ ಭೇಟಿ ಮುಗಿಯಲಿ, ಆಮೇಲೆ ಏನಾದರೂ ಮಾಡೋಣ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಭೇಟಿ ಎರಡು ಸಲ ಮುಂದಕ್ಕೆ ಹೋಯಿತು. ಎರಡೂ ಸಲ ಅವಳಿಗೆ ಸಮಾಧಾನವೇ ಆಯಿತು. ಅಷ್ಟು ದಿನವೂ ಅವಳು ಬೆರಳು ಹಿಡಿದು ಒತ್ತುತ್ತಲೇ ಇದ್ದಳು. ಒಂದು ದಿನ ನಿಲ್ಲಿಸಿದರೂ ಕೆಂಪು ಬಿದ್ದು, ಯಾಕೆ ಎಂಬ ಪ್ರಶ್ನೆ ಏಳುತ್ತಿತ್ತು.

ಹತ್ತೂ ಮುಕ್ಕಾಲಿಗೆ ದಮಯಂತಿ ಬಂದಳು. ಕೈಯಲ್ಲಿ ಫೋನು, ಮುಖದಲ್ಲಿ ನಿದ್ರೆ ಬಾರದ ರಾತ್ರಿಯ ಕಪ್ಪು. ಬೆಳಿಗ್ಗೆ ಮಗುವನ್ನು ಬಿಟ್ಟು ಹೋದವಳು ಸೀರೆ ಬದಲಿಸಿ ಪುನಃ ಬಂದಿದ್ದಳು. ನಾಳೆ ಮಂಗಳೂರಿನಲ್ಲಿ ಕಿವಿಯ ಡಾಕ್ಟರ ಹತ್ತಿರ ಟೋಕನ್ ತೆಗೆದಿದ್ದೇನೆ, ಅವರು ತಿಂಗಳಿಗೊಮ್ಮೆ ಮಾತ್ರ ಸಿಗುವವರು ಎಂದಳು. ಅದನ್ನು ಗಂಡನಿಗೆ ಹೇಳಿದ್ದಕ್ಕೆ ನಿನ್ನೆ ದೊಡ್ಡ ಜಗಳವಾಗಿತ್ತು. ಪಂಚಾಯತಿಗೇ ಫಸ್ಟು ಬಂದ ಮಗುವಿಗೆ ಕಿವಿ ಇಲ್ಲವೆಂದು ಊರಿಡೀ ಸಾರಿ ಬರುತ್ತೀಯಾ ಎಂದು ಅವನು ಕೇಳಿದ್ದ. ಅವಳಿಗೂ ಈಗ ಯಾವುದನ್ನು ನಂಬುವುದೆಂದು ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಹಿಂದಿನಿಂದ ಕರೆದರೆ ತಿರುಗದ ಮಗು ಇಲ್ಲಿ ಹೇಗೆ ಎಲ್ಲವನ್ನೂ ಮುಟ್ಟಿ ತೋರಿಸುತ್ತದೆ? ತನಗೇ ಕರೆಯಲು ಬರುವುದಿಲ್ಲವೋ ಏನೋ ಎನ್ನುವವರೆಗೆ ಅವಳು ಬಂದು ಮುಟ್ಟಿದ್ದಳು.

“ಇವತ್ತು ನನ್ನ ಕಣ್ಣೆದುರು ಅವಳೇ ಮಾಡಿದರೆ ನಾನು ನಾಳೆ ಹೋಗುವುದಿಲ್ಲ ಟೀಚರ್,” ಎಂದಳು ದಮಯಂತಿ. “ಅವರಿಗೆ ಮಾತು ಕೊಟ್ಟಿದ್ದೇನೆ. ವೀಡಿಯೋದಲ್ಲಿ ಅವರೂ ನೋಡ್ತಾರೆ.”

ಸತ್ಯವತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಈಗ ಹೇಳಬೇಕು, ಇದೇ ಹೊತ್ತು, ಇನ್ನೊಂದು ಸಿಗುವುದಿಲ್ಲ ಎಂದು ಒಳಗಿನಿಂದ ಯಾರೋ ತಿವಿದರು. ನಾಲಿಗೆಯ ತುದಿಯವರೆಗೆ ಬಂದದ್ದು ಬಾಯಿಂದ ಹೊರಡುವಾಗ ಬೇರೆಯೇ ಆಗಿ ಹೊರಟಿತು. “ಹೋಗಿ ಬನ್ನಿ ದಮಯಂತಿ. ಒಮ್ಮೆ ತೋರಿಸಿದರೆ ಎಂತ ನಷ್ಟ?”

“ನಿಮಗೆ ಸಂಶಯ ಉಂಟಾ?”

ದಮಯಂತಿ ಎರಡು ಹೆಜ್ಜೆ ಹತ್ತಿರ ಬಂದಿದ್ದಳು. ಅವಳ ಹಣೆಯ ಕುಂಕುಮ ಬೆವರಿಗೆ ಒಂದೆಳೆ ಇಳಿದಿತ್ತು. ಆ ಕಣ್ಣುಗಳಲ್ಲಿದ್ದ ಹಸಿವನ್ನು ಸತ್ಯವತಿಗೆ ನೋಡಲಾಗಲಿಲ್ಲ. ಹೌದು ಎಂದರೂ ಅದು ಬದುಕಿಕೊಳ್ಳುತ್ತಿತ್ತು, ಇಲ್ಲ ಎಂದರೂ ಬದುಕಿಕೊಳ್ಳುತ್ತಿತ್ತು, ಯಾವುದಾದರೂ ಒಂದು ಬೇಕಾಗಿತ್ತು ಅದಕ್ಕೆ. “ನನಗಾ?” ಎಂದಳು. “ಇಲ್ಲ ಇಲ್ಲ, ಹಾಗೆ ಹೇಳಿದ್ದಲ್ಲ.” ರಸ್ತೆಯಲ್ಲಿ ಕಾರಿನ ಬಾಗಿಲು ಹಾಕಿದ ಶಬ್ದವಾಯಿತು. ಸತ್ಯವತಿ ಬದುಕಿದೆನೆಂದು ಸೆರಗು ಸರಿಪಡಿಸಿಕೊಂಡು ಹೊರಗೆ ಓಡಿದಳು.

ಆಫೀಸರು ಮಧ್ಯವಯಸ್ಸಿನ ಹೆಂಗಸು, ಮಲಯಾಳದವರು, ಒಳ್ಳೆಯವರು. ಚಪ್ಪಲಿ ಕಳಚಿಟ್ಟೇ ಒಳಗೆ ಬಂದರು, ಉಪ್ಪಿಟ್ಟು ರುಚಿಯಾಗಿದೆ ಎಂದರು, ಮಕ್ಕಳ ಹೆಸರು ಕೇಳಿದರು. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು ಎಂದು ಸತ್ಯವತಿಗೆ ಅನ್ನಿಸಿತು. ಕೋಣೆಯ ಮಧ್ಯದಲ್ಲಿ ಗಿಡ್ಡ ಮೇಜಿಟ್ಟು ಅದರ ಮೇಲೆ ಟ್ಯಾಬ್ಲೆಟ್ಟನ್ನು ಮಲಗಿಸಿ ಅಶ್ಮಿತಾಳನ್ನು ಕೂರಿಸಿದರು. ಮಗುವಿನ ಬೆನ್ನ ಹಿಂದೆ ಕಿಟಕಿಯ ಹತ್ತಿರ ದಮಯಂತಿ ಫೋನು ಎತ್ತಿ ಹಿಡಿದು ನಿಂತಳು. ಪರದೆಯಲ್ಲಿ ಪುರಂದರನ ಮುಖ ಸ್ವಲ್ಪ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತು. ಸತ್ಯವತಿ ಎಂದಿನಂತೆ ಮಗುವಿನ ಪಕ್ಕ ಕೂರಲು ಹೋದಾಗ ಆಫೀಸರು ನಯವಾಗಿ ತಡೆದು, ಟೀಚರು ಎದುರಿಗೆ ಕೂತುಕೊಳ್ಳಲಿ, ಮಗು ತಾನಾಗಿ ಮಾಡುವುದನ್ನು ನೋಡೋಣ ಎಂದರು. ಶ್ರೀರಂಜಿನಿ ಕೂಡಲೆ ಮೇಜಿನ ಆಚೆ ಬದಿಗೆ ಒಂದು ಸ್ಟೂಲು ಎಳೆದಿಟ್ಟರು. ಕೂತ ಮೇಲೆ ಸತ್ಯವತಿಗೆ ಒಂದು ವಿಚಿತ್ರವಾದ ಹಗುರ ಉಂಟಾಯಿತು. ಇನ್ನು ತಾನು ಬಾಯಿ ಬಿಡಬೇಕಾಗಿಲ್ಲ. ತನ್ನ ಕೈ ಇಲ್ಲ, ಇನ್ನು ಸತ್ಯ ತನ್ನ ಪಾಡಿಗೆ ಹೊರಗೆ ಬರುತ್ತದೆ, ಮಗು ಏನೂ ಒತ್ತುವುದಿಲ್ಲ, ನಾಳೆ ದಮಯಂತಿ ಮಂಗಳೂರಿಗೆ ಹೋಗುತ್ತಾಳೆ. ಮಗು ಇವತ್ತು ಹೆದರಿತು ಎಂದು ಹೇಳಿದರಾಯಿತು. ಇಷ್ಟು ಸುಲಭದ ದಾರಿಯಿದ್ದರೂ ನಲವತ್ತೊಂದು ದಿನ ಒದ್ದಾಡಿದೆನಲ್ಲ ಎಂದುಕೊಂಡಳು.

ಟ್ಯಾಬ್ಲೆಟ್ಟು ಬೆಳಗಿತು. ನಾಲ್ಕು ಮೂಲೆಗಳಲ್ಲಿ ನಾಲ್ಕು ಪ್ರಾಣಿ. ಅಶ್ಮಿತಾ ಎಂದಿನಂತೆ ಬಲಗೈಯ ತೋರುಬೆರಳನ್ನು ಎತ್ತಿ, ಪಕ್ಕದಲ್ಲಿ ಯಾರೂ ಇಲ್ಲದ್ದು ಕಂಡು, ಮೇಜಿನ ಮೇಲಿನಿಂದ ಸತ್ಯವತಿಯ ಕಡೆ ಚಾಚಿತು. ಎಲ್ಲರೂ ಅಕ್ಕರೆಯಿಂದ ನಕ್ಕರು. ಪುಟಾಣಿ, ನಾಯಿ ಎಲ್ಲಿದೆ, ಮುಟ್ಟಿ ತೋರಿಸು ಎಂದಿತು ಸಕ್ಕರೆಯ ಸ್ವರ. ಬೆರಳು ಗಾಳಿಯಲ್ಲೇ ನಿಂತಿತ್ತು. ಮಗು ಪರದೆ ನೋಡಲಿಲ್ಲ, ಸತ್ಯವತಿಯ ಮುಖವನ್ನೇ ನೋಡುತ್ತಿತ್ತು. ಆಮೇಲೆ ನಿಧಾನವಾಗಿ ಆ ಬೆರಳು ಇಳಿದು, ಎಡಗಡೆಯ ಕೆಳಮೂಲೆಯಲ್ಲಿ ನೇರವಾಗಿ, ತಪ್ಪಿಲ್ಲದೆ, ನಾಯಿಯನ್ನು ಮುಟ್ಟಿತು. ಹಸಿರು ಚುಕ್ಕಿ. ಚಪ್ಪಾಳೆ. ಸತ್ಯವತಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಒಂದು ಕ್ಷಣ, ದೇವರೇ, ಕೇಳುತ್ತದೆಯೇ ಎಂದು ಆಸೆ ಕೂಡ ಹುಟ್ಟಿತು. ಕೋಳಿ ಎಲ್ಲಿದೆ ಎಂದು ಸ್ವರ ಕೇಳಿದಾಗ ತನ್ನ ಕಣ್ಣು ತಾನಾಗಿ ಕೋಳಿಯ ಮೇಲೆ ಹೋಗಿ ಕೂತದ್ದು, ಮಗುವಿನ ಕಣ್ಣು ತನ್ನ ಕಣ್ಣನ್ನು ಹಿಂಬಾಲಿಸಿ ಅಲ್ಲಿಗೇ ಬಂದದ್ದು, ಎರಡನ್ನೂ ಅವಳು ಕಂಡಳು. ಬೆರಳು ಸಿಗದಿದ್ದರೆ ಕಣ್ಣು. ಇಷ್ಟು ಬುದ್ಧಿಯ ಮಗು. ಈ ಬುದ್ಧಿಯನ್ನು ಎಂಟು ತಿಂಗಳು ತನ್ನ ಬೆರಳ ತುದಿಗೆ ಕಟ್ಟಿಹಾಕಿದ್ದೆನಲ್ಲ ಎಂದು ಅವಳಿಗೆ ದುಃಖ ಒತ್ತರಿಸಿ ಬಂತು.

ಮೂರನೆಯ ಪ್ರಶ್ನೆಗೆ ಅವಳು ಹಟದಿಂದ ಗೋಡೆಯ ಚಾರ್ಟು ನೋಡುತ್ತ ಕೂತಳು. ಮಗು ಕಾದಿತು. ಸ್ವರ ಮತ್ತೊಮ್ಮೆ ಕೇಳಿತು, ಆನೆ ಎಲ್ಲಿದೆ. ದಮಯಂತಿಯ ಫೋನು ಹಿಡಿದ ಕೈ ಸ್ವಲ್ಪ ತಗ್ಗಿತು. ಶ್ರೀರಂಜಿನಿ ಕೆಮ್ಮಿದರು, ಮತ್ತು ಬೇಡ ಬೇಡವೆಂದುಕೊಳ್ಳುತ್ತಲೇ ಒಂದು ಸಲ, ಒಂದೇ ಸಲ, ಸತ್ಯವತಿಯ ಕಣ್ಣು ಆನೆಯಿದ್ದ ಬಲಮೂಲೆಗೆ ಹೋಗಿ ಬಂತು. ಮಗುವಿಗೆ ಅಷ್ಟೇ ಸಾಕಾಯಿತು. ಮತ್ತೆ ಚಪ್ಪಾಳೆ. ಶಾರ್ಜಾದಿಂದ ಪುರಂದರ, ನೋಡಿದಿಯಾ, ನೋಡಿದಿಯಾ ಎಂದು ತುಳುವಿನಲ್ಲಿ ಹೇಳುತ್ತಿದ್ದ, ಅವನ ಸ್ವರ ಒಡೆದಿತ್ತು. ದಮಯಂತಿ ಫೋನನ್ನು ಎದೆಗೆ ಒತ್ತಿಕೊಂಡು ಕಣ್ಣೊರೆಸಿಕೊಂಡಳು. ಎಷ್ಟೋ ತಿಂಗಳ ಭಾರ ಇಳಿದ ಮುಖದಿಂದ ಅವಳು ಮಗುವಿನ ತಲೆಯ ಮೇಲಿನಿಂದ ಸತ್ಯವತಿಯನ್ನು ನೋಡಿ ನಕ್ಕಳು. “ಸಾಕು ಟೀಚರ್,” ಎಂದಳು. “ನಾಳೆ ನಾನು ಹೋಗುವುದಿಲ್ಲ.”

ಶ್ರೀರಂಜಿನಿ ಇನ್ನೊಂದು ಪ್ರಶ್ನೆ ಇರಲಿ, ಗುಂಪಿಗೆ ಹಾಕಲು ವೀಡಿಯೋ ಬೇಕು ಎಂದು ತಮ್ಮ ಫೋನು ತೆಗೆದರು. ಸತ್ಯವತಿ ಬಾಯಿ ತೆರೆದಳು. ಹೇಳಬೇಕಾದ ನಾಲ್ಕು ಮಾತು ಎಲ್ಲಿ ಹೋದವೆಂದು ತಿಳಿಯಲಿಲ್ಲ. ಅವಳಿಂದ ಆದದ್ದು ಇಷ್ಟೆ. ಅವಳು ಕಣ್ಣು ಮುಚ್ಚಿಕೊಂಡಳು.

ಪುಟಾಣಿ, ಹಸು ಎಲ್ಲಿದೆ, ಮುಟ್ಟಿ ತೋರಿಸು. ಕತ್ತಲೆಯಲ್ಲಿ ಆ ಸ್ವರ ಇನ್ನೂ ಹತ್ತಿರದಿಂದ ಬಂತು. ಸ್ವಲ್ಪ ತಡೆದು ಅದೇ ಮಾತು, ಅದೇ ಸಕ್ಕರೆ. ಮೂರನೆಯ ಸಲ. ಪರವಾಗಿಲ್ಲ ಪುಟಾಣಿ, ಮತ್ತೊಮ್ಮೆ ಪ್ರಯತ್ನಿಸು. ಯಾರೋ ನಕ್ಕರು, ಆ ನಗು ಅರ್ಧಕ್ಕೆ ನಿಂತಿತು. ಟೀಚರೇ, ಎಂತ ಆಯ್ತು, ತಲೆ ಸುತ್ತುತ್ತಾ ಉಂಟಾ ಎಂದು ಶ್ರೀರಂಜಿನಿ ಕೇಳಿದರು. ಅವಳು ತಲೆ ಅಲ್ಲಾಡಿಸಿದಳು, ಕಣ್ಣು ತೆರೆಯಲಿಲ್ಲ. ಕಿಟಕಿಯ ಕಡೆಯಿಂದ ದಮಯಂತಿ ಅಶ್ಮೀ ಎಂದು ಮೆಲ್ಲಗೆ, ಮುದ್ದಿನಿಂದ ಕರೆದಳು. ಆಮೇಲೆ ಸ್ವಲ್ಪ ಗಟ್ಟಿಯಾಗಿ. ಆಮೇಲೆ ಇಂಚಿ ತೂಲ ಮಗಾ, ಈಚೆ ನೋಡು ಮಗಳೇ ಎಂದು ಕೋಣೆಯ ಗೋಡೆಗೆ ತಾಗುವ ಹಾಗೆ. ಫೋನಿನೊಳಗಿಂದ ಪುರಂದರ, ಯಾಕೆ ಕಿರುಚುತ್ತಿದ್ದಿ, ಏನಾಯಿತು ಎಂದು ಕೇಳುತ್ತಲೇ ಇದ್ದ. ಮೇಜು ಜರುಗಿದ ಶಬ್ದವಾಯಿತು. ತನ್ನ ಮೊಣಕಾಲಿಗೆ ಒಂದು ಸಣ್ಣ ಮೈ ಬಂದು ಒರಗಿದ್ದು ಸತ್ಯವತಿಗೆ ಗೊತ್ತಾಯಿತು. ಎರಡು ಪುಟ್ಟ ಬೆರಳುಗಳು ಅವಳ ಕೆನ್ನೆ ಹತ್ತಿ ಕಣ್ಣಿನವರೆಗೆ ಬಂದು, ಮುಚ್ಚಿದ ರೆಪ್ಪೆಯನ್ನು ಮೇಲಕ್ಕೆ ಎತ್ತಲು ನೋಡಿದವು. ಅವಳು ಇನ್ನಷ್ಟು ಬಿಗಿಯಾಗಿ ಮುಚ್ಚಿದಳು. ಬೆರಳುಗಳು ಬಿಡಲಿಲ್ಲ, ಉಗುರು ತಾಗಿ ಉರಿಯಿತು. ಕಿಟಕಿಯ ಕಡೆಯಿಂದ ದಮಯಂತಿ ಇನ್ನೊಮ್ಮೆ ಕರೆದಳು. ಮಗುವನ್ನು ಕರೆಯುವುದನ್ನು ಅವಳು ನಿಲ್ಲಿಸಿದ್ದಳು.

“ಟೀಚರ್,” ಎಂದಳು.